ಒಳಗೇನೈತಿ

ಗಾದಿ ಕಟ್ಟಾಂವ ನಾನು, ಬೆಟಗೇರಿಯ ದಾವಲಸಾಬ ನದಾಫ.
ಹತ್ತಿ ಬಡಿಯೋ ಬಿಲ್ಲು ಅಜ್ಜನ ಕಾಲಕ್ಕ ಮುಗೀತು, ಈಗ ಮಶೀನು.
ಬೆರಳು ಮಾತ್ರ ಅವಽ.
ಹಳೇ ಗಾದಿ ಮುಟ್ಟಿದರ ಸಾಕು,
ಎಲ್ಲಿ ಗಂಟು, ಎಲ್ಲಿ ಬೀಜ,
ಎಲ್ಲೈತಿ ಹತ್ತಿ ಅಲ್ಲದ್ದು, ಗೊತ್ತಾಗತೈತಿ.

ಏನೇನು ಸಿಕ್ಕಿಲ್ಲ ಮೂವತ್ತು ವರ್ಷದಾಗ!
ಒಬ್ಬ ಮುದುಕಿಯ ದಿಂಬಿನಾಗ ಸತ್ತ ಗಂಡನ ಹಲ್ಲಿನ ಸೆಟ್ಟು,
ಒಬ್ಬ ಮಾಸ್ತರನ ಗಾದಿಯಾಗ ಹೆಂಡತಿ ಬರೀದ ಕಾಗದ,
ಒಬ್ಬ ಹಾಜಿಯ ಲೋಡಿನಾಗ
ಎಲ್ಲಮ್ಮನ ಭಂಡಾರದ ಪುಡಿಕೆ.
ಹೆಸರು ಕೇಳಬ್ಯಾಡ್ರಿ.
ಎಲ್ಲಾ ತಗದು, ಹತ್ತಿ ಹಿಂಜಿ,
ಇದ್ದಲ್ಲೇ ಇಟ್ಟು ಹೊಲದು ಕೊಟ್ಟೀನಿ.

ತಮ್ಮ ಮಕ್ತುಂ ಹನ್ನೊಂದು ವರ್ಷಕ್ಕ ದಮ್ಮಾಮಿಂದ ಬಂದ.
ಮಂದಿ ಕಂಬಳಿ ತರತಾರ, ಖರ್ಜೂರ, ಅತ್ತರ, ಬಂಗಾರ.
ಇಂವ ತಂದಿದ್ದು ಒಂದು ತಲೆದಿಂಬು.
ಕೊಳಿ ಹಿಡಿದು ಜಿಡ್ಡು ಜಿಡ್ಡು.
ಅವ್ವ ನಕ್ಕಳು. ಆಮ್ಯಾಲ ನಗಲಿಲ್ಲ.

"ಗಂಟಾಗೈತಿ ಅಣ್ಣಾ, ಹಿಂಜಿ ಕೊಡು" ಅಂದ,
ಅಂಗಡಿ ಕದಾ ಹಾಕಿ.
ಕಪ್ಪತಗುಡ್ಡದ ಗಾಳಿಗೆ ಕದಾ ಹಾಕೋದು ನಮ್ಮ ರೂಢಿ.
ಅವತ್ತು ಗಾಳಿ ಇರಲಿಲ್ಲ.

ದಿಂಬು ಅವಂದಲ್ಲ. ಮ್ಯಾಲಿನ ಮಂಚದ ಇದ್ರೀಸನದು.
ಸುಡಾನಿನಾಂವ, ಕ್ರೇನು ಹೊಡೀತಿದ್ದ.
ಐದೂ ಹೊತ್ತು ಎಲ್ಲಾರ ಸಾಲಿನಾಗ ನಿಂತು
ಎಲ್ಲಾರಂಗ ಬಾಗಿ, ಎಲ್ಲಾರಂಗ ಎದ್ದು,
ಒಳಗ ಮಾತ್ರ ಬ್ಯಾರೆ ಹೆಸರು ಕರೀತಿದ್ದ.
ಏಳು ವರ್ಷ. ಮಕ್ತುಂ ಒಬ್ಬನಿಗೇ ಹೇಳಿದ್ದ.
ರಂಜಾನಿನಾಗ ಒಂದು ದಿನ, ಸಹರಿ ಹೊತ್ತಿಗೆ,
ಬಂದು ಕರಕೊಂಡು ಹೋದರು.
ಚಪ್ಪಲಿ ಉಳೀತು, ಅರ್ಧಾ ಕುಡಿದ ಚಾ ಉಳೀತು, ದಿಂಬು.
ಮರುದಿನ ಆ ಮಂಚಕ್ಕ ಬ್ಯಾರೆ ಮನಷ್ಯಾ ಬಂದ.

"ಸುದ್ದಿ ಮುಟ್ಟಿಸಿದಾರು ಯಾರು?" ಅಂತ ಕೇಳಿದೆ.
ಮಕ್ತುಂ ಹೊಲಿಗಿ ಬಿಚ್ಚಾಕ ಹತ್ತಿದ.

ಹತ್ತಿಯೊಳಗ ಸಿಕ್ಕಿದ್ದು
ಸಣ್ಣದು. ಅಂಗೈಯಾಗ ಮುಚ್ಚುವಷ್ಟು.
ಅದಕ್ಕಿಂತ ಹೆಚ್ಚು ಹೇಳಂಗಿಲ್ಲ.
ಇದ್ದಲ್ಲೇ ಇಟ್ಟೆ,
ಹೊಸಾ ಹತ್ತಿ ಒಂದು ಹಿಡಿ ಹೆಚ್ಚಿಗಿ ತುಂಬಿ ಹೊಲದೆ.

ಆವತ್ತಿಂದ ಮಕ್ತುಂ ಜುಮ್ಮಾಕ್ಕ ಬರಂಗಿಲ್ಲ.
ಊರ ಲೆಕ್ಕದಾಗ ನಾವು ಕಡಿಮಿ ಮಂದಿ,
ಈ ಓಣಿಯಾಗ ಎಲ್ಲಾರೂ ನಾವಽ.
ಎಲ್ಲಾರೂ ನಾವಽ ಇದ್ದಲ್ಲಿ
ಸಾಲಿನಾಗಿನ ಒಂದು ಖಾಲಿ ಜಾಗಾ
ಮಸೀದಿಗಿಂತ ದೊಡ್ಡದು ಕಾಣತೈತಿ.
ಖರೆ, ಇಲ್ಲಿ ಇದಕ್ಕ ಪೊಲೀಸರು ಬರಂಗಿಲ್ಲ.
ಮಗಳ ಬೀಗರು ಫೋನು ಹಚ್ಚತಾರ.

ಜಮಾತಿನ ಹಿರೇರು ನಾಕು ಮಂದಿ ಬಂದರು. ಒಳ್ಳೇವರು.
ಮಗಳ ಲಗ್ನಕ್ಕ ಹಂಡೆ, ದೇಗ ಕೊಟ್ಟವರು,
ಅಪ್ಪನ ಜನಾಜಾಕ್ಕ ಹೆಗಲು ಕೊಟ್ಟವರು.
ಅದಕ್ಕಽ ಅಂಜಿಕಿ.
ಚಾ ಕುಡಿದರು. ಹತ್ತಿ ದರ ಕೇಳಿದರು.
"ತಮ್ಮನ ದಿಂಬಿನಾಗ ಏನೋ ಐತಂತ, ನೀನಽ ಹೊಲದೀಯಂತ.
ಒಳಗೇನೈತಿ, ದಾವಲಸಾಬ?"

ನಾನು ನಮಾಜಿ. ಸುಳ್ಳು ಆಡಾಂವಲ್ಲ.
ಅವರೊಳಗ ಹಾಜಿ ಒಬ್ಬರಿದ್ದರು,
ಅವರ ಮಾರಿ ನೋಡಿದೆ.
ಅವರು ಚಾದ ಬಸಿ ನೋಡಿದರು.
"ಹತ್ತಿ" ಅಂದೆ. "ಜಯಧರ. ಒಂದು ಹಿಡಿ ಹೊಸಾದು."

ಹಾಜಿ ಮೊದಲ ಎದ್ದರು.
"ಹತ್ತಿ ಅಂದಮ್ಯಾಲ ಹತ್ತಿ" ಅಂತ
ಚಪ್ಪಲಿ ಹುಡಿಕಿದರು, ಬಾಳ ಹೊತ್ತು.

ಇವತ್ತು ಫಜರಿಗೆ ಎದ್ದಾಗ ಮಕ್ತುಂ ಎಚ್ಚರಿದ್ದ.
ಕತ್ತಲಾಗ ಕುಂತು, ದಿಂಬು ತೊಡಿಮ್ಯಾಲ ಇಟಗೊಂಡು,
ನನ್ನ ಹೊಲಿಗಿ ಮ್ಯಾಲ ಬೆರಳು ಎಳೀತಿದ್ದ.
ದುವಾ ಇತ್ತೋ, ಮಾಫಿ ಇತ್ತೋ,
ಮಲಗಾಕ ಬರದವನ ಹೊತ್ತುಗಳಿಕಿ ಇತ್ತೋ.
ಮುಟ್ಟಿದ್ದರ ಗೊತ್ತಾಗತಿತ್ತು.
ಮುಟ್ಟಲಿಲ್ಲ.

"ಕದಾ ಮುಂದ ಮಾಡಿಕೊ, ಗಾಳಿ ಐತಿ" ಅಂದು
ಮಸೀದಿ ಕಡೆ ನಡದೆ.
ಎಲಿ ಒಂದೂ ಅಲ್ಲಾಡತಿರಲಿಲ್ಲ.